ಸಿನಿಮಾ ನೋಡಲು ಯಾವ ಗ್ರಾಫಿಕ್ಸ್ ಕಾರ್ಡ್? ಒಂದು ಪುಟ್ಟ ಇತಿಹಾಸ

"ಟೀವಿಗೆ ಪೀಸಿ ಜೋಡಿಸಿ ಸಿನಿಮಾ ನೋಡಬೇಕು, ಯಾವ ಗ್ರಾಫಿಕ್ಸ್ ಕಾರ್ಡ್ ತಗೊಳ್ಳಲಿ?" ಸಾಫ್ಟ್‌ವೇರ್ ಕೆಲಸದಲ್ಲಿರುವ ನನಗೆ ಗೆಳೆಯರು ಆಗಾಗ ಕೇಳುವ ಪ್ರಶ್ನೆ ಇದು. ಹೆಚ್ಚು ದುಡ್ಡು ಕೊಟ್ಟರೆ ಒಳ್ಳೆಯದೇ ಸಿಗುತ್ತದೆ ಅನ್ನುವುದು ಎಲ್ಲರ ಲೆಕ್ಕ. ಇತಿಹಾಸ ಮಾತ್ರ ಬೇರೆಯೇ ಹೇಳುತ್ತದೆ.

1990ರ ದಶಕದ ಕೊನೆಯಲ್ಲಿ ಡಿವಿಡಿ ಬಂದಾಗ, ಅದರಲ್ಲಿ ಒತ್ತಿ ಚಿಕ್ಕದು ಮಾಡಿಟ್ಟ ಚಿತ್ರವನ್ನು ಬಿಡಿಸುವಷ್ಟರಲ್ಲಿ ಪೀಸಿಯ ಪ್ರೊಸೆಸರಿಗೆ ಏದುಸಿರು ಬರುತ್ತಿತ್ತು. ಅದಕ್ಕೆಂದೇ ಸಿಗ್ಮಾ ಡಿಸೈನ್ಸ್‌ನವರ ಹಾಲಿವುಡ್ ಪ್ಲಸ್‌ನಂಥ ಪ್ರತ್ಯೇಕ ಕಾರ್ಡುಗಳಿದ್ದವು. ಬರಬರುತ್ತಾ ಪ್ರೊಸೆಸರಿನ ವೇಗ ಹೆಚ್ಚಿತು, ಗ್ರಾಫಿಕ್ಸ್ ಚಿಪ್ಪುಗಳೂ ಹೊರೆಯಲ್ಲಿ ಪಾಲು ತೆಗೆದುಕೊಂಡವು. ಆ ಕಾರ್ಡುಗಳು ಮೂಲೆ ಸೇರಿದವು.

2006ರಲ್ಲಿ ಬ್ಲೂ-ರೇ ಬಂತು, ಕಷ್ಟವೂ ಮರಳಿ ಬಂತು. 1920×1080ರ ಚಿತ್ರ ಸೆಕೆಂಡಿಗೆ 24 ಅಂದರೆ ಸುಮಾರು 5 ಕೋಟಿ ಪಿಕ್ಸೆಲ್! ಇದನ್ನು ಒತ್ತಿಡುವ ಎಚ್.264 ವಿಧಾನದಲ್ಲಿ ಕ್ಯಾಬ್ಯಾಕ್ ಎಂಬ ಹಂತವಿದೆ. ಜಡೆ ಬಿಚ್ಚಿದ ಹಾಗೆ, ತುದಿಯಿಂದ ಒಂದೊಂದೇ ಹೆಣಿಗೆ ಬಿಡಿಸುತ್ತಾ ಬರಬೇಕು. ನೂರು ಆಳು ನಿಲ್ಲಿಸಿದರೂ ಪ್ರಯೋಜನವಿಲ್ಲ.

ಈಗ ತಮಾಷೆ ನೋಡಿ. 2006ರ ನವೆಂಬರಿನಲ್ಲಿ ಬಂದ ಎನ್‌ವಿಡಿಯಾದ ಜೀಫೋರ್ಸ್ 8800 ಜಿಟಿಎಕ್ಸ್‌ಗೆ 599 ಡಾಲರ್. ಒಳಗೆ 128 ಪುಟ್ಟ ಪ್ರೊಸೆಸರುಗಳು. ಆಟಗಳಿಗೆ ಅದೇ ರಾಜ. ಆದರೆ ಕ್ಯಾಬ್ಯಾಕ್ ಬಿಡಿಸುವ ಸರ್ಕ್ಯೂಟೇ ಅದರಲ್ಲಿರಲಿಲ್ಲ! 2007ರ ಏಪ್ರಿಲ್‌ನಲ್ಲಿ ಬಂದ 8500 ಜಿಟಿಯಲ್ಲಿ ಇದ್ದದ್ದು ಬರೀ 16, ಬೆಲೆ ಕಾಲು ಭಾಗಕ್ಕಿಂತ ಕಡಿಮೆ. ಆದರೂ ಎಚ್.264 ಅನ್ನು ಪೂರ್ತಿ ತಾನೇ ಬಿಡಿಸುತ್ತಿತ್ತು.

ಎದುರಾಳಿ ಎಎಂಡಿಯದೂ ಇದೇ ಕಥೆ. ಅದೇ ವರ್ಷದ 399 ಡಾಲರಿನ ರೇಡಿಯಾನ್ 2900 ಎಕ್ಸ್‌ಟಿಯಲ್ಲಿ ಯುವಿಡಿ ಎಂಬ ಸರ್ಕ್ಯೂಟ್ ಇರಲಿಲ್ಲ; ಅಗ್ಗದ 2400 ಮತ್ತು 2600ರಲ್ಲಿತ್ತು. ಕೆಲವು ಡಿಸ್ಕುಗಳು ಬಳಸುತ್ತಿದ್ದ ವಿಸಿ-1 ವಿಧಾನವನ್ನೂ ಯುವಿಡಿ ಪೂರ್ತಿ ಬಿಡಿಸುತ್ತಿತ್ತು. ಆಗಿನ ಎನ್‌ವಿಡಿಯಾ ಸರ್ಕ್ಯೂಟ್ ಅದರಲ್ಲಿ ಒಂದು ಪಾಲನ್ನು ಪ್ರೊಸೆಸರಿನ ತಲೆಗೇ ಕಟ್ಟುತ್ತಿತ್ತು.

ಎಚ್‌ಇವಿಸಿ ಕಾಲಕ್ಕೂ ಹಾಗೇ ಆಯಿತು. 2014ರ ಜಿಟಿಎಕ್ಸ್ 980 ಅದನ್ನು ಅರೆಬರೆ ಬಿಡಿಸಿದರೆ, 2015ರ ಜನವರಿಯ 960 ಪೂರ್ತಿ ಬಿಡಿಸುತ್ತಿತ್ತು. ಬೆಲೆ? 549 ಡಾಲರಿಗೆ ಎದುರಾಗಿ 199!

ಹಾಗಂತ ಅಗ್ಗದ್ದೇ ಒಳ್ಳೆಯದು ಅಂದುಕೊಳ್ಳಬೇಡಿ. 2022ರಲ್ಲಿ ಬಂದ ರೇಡಿಯಾನ್ 6500 ಎಕ್ಸ್‌ಟಿಗೆ ಎವಿ1 ಬಿಡಿಸಲು ಬರುವುದಿಲ್ಲ, ಅದರ ದುಬಾರಿ ಅಣ್ಣಂದಿರಿಗೆ ಬರುತ್ತದೆ.

ಸಾಫ್ಟ್‌ವೇರಿನವರಾದ ನಮಗೆ ಏನೇ ಆದರೂ ಮುಂದಿನ ಅಪ್‌ಡೇಟಿನಲ್ಲಿ ಸರಿಮಾಡೋಣ ಅನ್ನುವ ಚಟ. ಈ ಸರ್ಕ್ಯೂಟು ಶಿಲಾಶಾಸನ ಇದ್ದಂತೆ. ಕೆತ್ತುವಾಗ ಬಿಟ್ಟುಹೋದ ಅಕ್ಷರವನ್ನು ಆಮೇಲೆ ಸೇರಿಸಲಾಗದು. ಆದ್ದರಿಂದ ಬೆಲೆ ಕೇಳುವ ಮೊದಲು, ನಿಮ್ಮ ಸಿನಿಮಾಗಳು ಯಾವ ವಿಧಾನದಲ್ಲಿವೆ, ಅದನ್ನು ಬಿಡಿಸುವ ಸರ್ಕ್ಯೂಟ್ ಆ ಚಿಪ್ಪಿನಲ್ಲಿದೆಯೇ ಅಂತ ಕೇಳಿ. ಇತ್ತೀಚಿನ ಬಹಳಷ್ಟು ಪ್ರೊಸೆಸರುಗಳ ಒಳಗಿನ ಗ್ರಾಫಿಕ್ಸೇ ಇದಕ್ಕೆ ಸಾಕು. ಉಳಿದ ದುಡ್ಡಿಗೆ ಒಳ್ಳೆಯ ಸ್ಪೀಕರ್ ತಗೊಳ್ಳಿ, ಏನಂತೀರಿ?