ಗಂಜಿ ಅಂದ್ರೆ ನಮಗ್ಯಾಕೆ ನಾಚಿಕೆ?

1/6
ಹೋದ ವಾರ ಕ್ಲಾಸಲ್ಲಿ ನನ್ನ ಬಾಟಲಿ ನೋಡಿ ಫ್ರೆಂಡ್ ಕೇಳಿದ್ಳು: "ಏನೇ ಅದು, ಚಾಕೊಲೇಟ್ ಮಿಲ್ಕಾ?" ನಾನು "ಹ್ಞೂಂ" ಅಂದ್ಬಿಟ್ಟೆ. ಅದು ಅಜ್ಜಿ ಮಾಡಿಕೊಟ್ಟ ರಾಗಿ ಅಂಬಲಿ! ಯಾಕೆ ಸುಳ್ಳು ಹೇಳಿದೆ ಅಂತ ಆಮೇಲೆ ತಲೆ ಕೆಡಿಸಿಕೊಂಡೆ. ಉತ್ತರ ಹುಡುಕ್ತಾ ಹೋದ್ರೆ ಸಿಕ್ಕಿದ್ದು ಇತಿಹಾಸ. ಸ್ವಲ್ಪ ಉದ್ದ ಇದೆ, ಸೇವ್ ಮಾಡ್ಕೊಂಡು ಓದಿ.

2/6
ಮೊದಲು ಗೊತ್ತಿಲ್ಲದವರಿಗೆ: ರಾಗಿ ಹಿಟ್ಟನ್ನ ರಾತ್ರಿ ನೀರಲ್ಲಿ ಕಲಸಿಟ್ಟರೆ ಬೆಳಿಗ್ಗೆಗೆ ಹದವಾಗಿ ಹುಳಿ ಬರುತ್ತೆ. ಅದನ್ನ ಕುದಿಯೋ ನೀರಿಗೆ ಹಾಕಿ, ಗಂಟಾಗದ ಹಾಗೆ ತಿರುವಬೇಕು. ಆರಿದ ಮೇಲೆ ಮಜ್ಜಿಗೆ, ಉಪ್ಪು, ಹೆಚ್ಚಿದ ಈರುಳ್ಳಿ. ಉತ್ತರ ಕರ್ನಾಟಕದ ಕಡೆ ಇದೇ ಜೋಳದಲ್ಲಿ ಆಗುತ್ತೆ. ಕರಾವಳಿಯಲ್ಲಿ ಕುಚ್ಚಲಕ್ಕಿ ಗಂಜಿ, ಪಕ್ಕಕ್ಕೆ ಉಪ್ಪಿನಕಾಯಿ. ಹೊಲಕ್ಕೆ ಹೋಗೋರಿಗೆ ಊಟವೂ ಅದೇ, ನೀರೂ ಅದೇ.

3/6
ನಮ್ಮ ಹಳಬರು ಇದಕ್ಕೆ ನಾಚಿಕೊಂಡಿರಲಿಲ್ಲ. ರಾಜನ ನೈವೇದ್ಯ ಬಿಟ್ಟು ಶಿವ ಮಾದಾರ ಚೆನ್ನಯ್ಯನ ಅಂಬಲಿ ಉಂಡ ಅನ್ನೋ ಕಥೆಯನ್ನ ಶರಣರು ಎದೆಯುಬ್ಬಿಸಿ ಹೇಳ್ತಿದ್ರು. 16ನೇ ಶತಮಾನದ ಕನಕದಾಸರು 'ರಾಮಧಾನ್ಯ ಚರಿತೆ'ಯಲ್ಲಿ ಅಕ್ಕಿಗೂ ರಾಗಿಗೂ ಜಗಳ ಹಚ್ಚಿದ್ರು. ರಾಮ ಇಬ್ಬರನ್ನೂ ಆರು ತಿಂಗಳು ಸೆರೆಯಲ್ಲಿಟ್ಟ. ಅಕ್ಕಿ ಕೆಟ್ಟಿತು, ರಾಗಿ ಗಟ್ಟಿಯಾಗೇ ಉಳೀತು, ಗೆದ್ದಿತು.
ಆದ್ರೆ ಗಾದೆ ಬೇರೆ ಥರ ಇದೆ ನೋಡಿ: "ಅಂಬಲಿ ಕುಡಿಯುವವನಿಗೆ ಮೀಸೆ ತಿಕ್ಕುವವನೊಬ್ಬ." ಬಡವನಿಗ್ಯಾಕೆ ಈ ದೌಲತ್ತು ಅನ್ನೋ ಅಣಕ. ಅಂದ್ರೆ ಗೌರವ, ಅಣಕ ಎರಡೂ ಇತ್ತು.

4/6
ಗಂಜಿ ಅನ್ನೋ ಪದ ನಮ್ಮ ದ್ರಾವಿಡ ಭಾಷೆಗಳದ್ದು. ಗೋವಾದಲ್ಲಿದ್ದ ಪೋರ್ಚುಗೀಸ್ ವೈದ್ಯ ಗಾರ್ಸಿಯಾ ದ ಓರ್ತಾ 1563ರ ಪುಸ್ತಕದಲ್ಲೇ ರೋಗಿಗೆ ಮೆಣಸು, ಜೀರಿಗೆ ಹಾಕಿದ ಅಕ್ಕಿ ಗಂಜಿನೀರು ಕೊಡೋದನ್ನ ಬರೆದಿದ್ದಾನೆ. ಅಲ್ಲಿ ಅದು ಔಷಧ. ಮುಂದೆ ಇಂಗ್ಲಿಷರ ಬಾಯಲ್ಲಿ ಅದು 'ಕಾಂಜಿ' ಆಯ್ತು. ಅವರ ಸೈನ್ಯದಲ್ಲಿ 'ಕಾಂಜಿ ಹೌಸ್' ಅಂದ್ರೆ ಏನು ಗೊತ್ತಾ? ಲಾಕಪ್ಪು! ಒಳಗೆ ಹಾಕಿದವರಿಗೆ ಗಂಜಿಯೇ ಗತಿ ಅಂತ ಆ ಹೆಸರು.

5/6
ಆಮೇಲೆ 1876. ಮಳೆ ಕೈಕೊಟ್ಟಿತು, ದಕ್ಷಿಣ ಭಾರತಕ್ಕೆಲ್ಲ ಬರ ಬಡೀತು. ಆಗ ಬಳ್ಳಾರಿ ಮದ್ರಾಸ್ ಪ್ರಾಂತ್ಯದಲ್ಲಿತ್ತು. ಸರ್ಕಾರದ ಖರ್ಚು ಉಳಿಸೋಕೆ ಬಂದ ರಿಚರ್ಡ್ ಟೆಂಪಲ್, 1877ರಲ್ಲಿ ಪರಿಹಾರ ಕಾಮಗಾರಿಯ ಗಂಡಾಳಿಗೆ ದಿನಕ್ಕೆ ಒಂದು ಪೌಂಡ್ ಧಾನ್ಯ, ಒಂದಾಣೆ ಸಾಕು ಅಂದ. ಒಂದು ಪೌಂಡ್ ಅಂದ್ರೆ ಸುಮಾರು 450 ಗ್ರಾಂ, ದಿನವಿಡೀ ಮಣ್ಣು ಹೊರೋ ಮನುಷ್ಯನಿಗೆ! ಮದ್ರಾಸಿನ ಆರೋಗ್ಯಾಧಿಕಾರಿ ಕಾರ್ನಿಷ್ ಇದನ್ನ ಗಟ್ಟಿಯಾಗಿ ವಿರೋಧಿಸಿದರು. ಅದೇ ವರ್ಷ ಕೂಲಿ ಏರಿಸಬೇಕಾಯ್ತು.
ಮೈಸೂರಿನ ಲೆಕ್ಕ ನೋಡಿ. 1871ರ ಜನಗಣತಿ: 50.55 ಲಕ್ಷ. 1881ರದ್ದು: 41.86 ಲಕ್ಷ. ಹತ್ತು ವರ್ಷದಲ್ಲಿ ಹೆಚ್ಚಬೇಕಿದ್ದ ಸಂಖ್ಯೆ 8.69 ಲಕ್ಷ ಕಮ್ಮಿ. ಬಿಕಾಂ ಓದ್ತಿರೋ ನನಗೆ ವ್ಯವಕಲನ ದಿನಾ ಇದ್ದದ್ದೇ. ಈ ಒಂದು ಲೆಕ್ಕ ಮಾಡಿ ಪೆನ್ನು ಕೆಳಗಿಟ್ಟೆ.

6/6
ಬರದಲ್ಲಿ ಸಾಲಲ್ಲಿ ನಿಂತು, ಪಾತ್ರೆ ಚಾಚಿ ಈಸಿಕೊಂಡ ಊಟಕ್ಕೆ ನಾಚಿಕೆ ಅಂಟಿಕೊಳ್ಳದೆ ಇರುತ್ತಾ? ಮೊನ್ನೆ ಮೊನ್ನೆವರೆಗೂ ನೆರೆ ಬಂದಾಗ ತೆರೆಯೋ ಶಿಬಿರಕ್ಕೆ 'ಗಂಜಿ ಕೇಂದ್ರ' ಅಂತಿದ್ವಿ. ಈಗ ಸರ್ಕಾರ 'ಕಾಳಜಿ ಕೇಂದ್ರ' ಅನ್ನುತ್ತೆ. ಆ ಪದ ಚುಚ್ಚುತ್ತೆ ಅಂತಲೇ ಬದಲಾಗಿರಬೇಕು.
ಇತ್ತ 2023ನ್ನ ವಿಶ್ವಸಂಸ್ಥೆ ಸಿರಿಧಾನ್ಯ ವರ್ಷ ಅಂತ ಘೋಷಿಸಿತು. ಕೆಫೆಗಳಲ್ಲಿ ರಾಗಿ ಮಾಲ್ಟ್ ಫ್ಯಾಷನ್ ಆಯ್ತು. ಗಾಜಿನ ಲೋಟದಲ್ಲಿದ್ರೆ ಹೆಲ್ದಿ, ಅಜ್ಜಿಯ ಚೊಂಬಲ್ಲಿದ್ರೆ ಬಡತನ. ನಾಚಿಕೆ ಪಡಬೇಕಾದ್ದು ಅಂಬಲಿಗಲ್ಲ, ಉಪವಾಸ ಕೆಡವಿದ ಆ ಲೆಕ್ಕಾಚಾರಕ್ಕೆ.
ಫ್ರೆಂಡಿಗೆ ಇವತ್ತು ನಿಜ ಹೇಳ್ದೆ. ಅರ್ಧ ಬಾಟಲಿ ಅವಳೇ ಖಾಲಿ ಮಾಡಿದ್ಳು 😅 ನಿಮ್ಮನೇಲಿ ಇದನ್ನ ಏನಂತಾರೆ, ಹೇಗೆ ಮಾಡ್ತಾರೆ? ಅಜ್ಜಿನ ಕೇಳಿ ಕಾಮೆಂಟ್ ಹಾಕಿ.

#ಅಂಬಲಿ #ಗಂಜಿ #ನಮ್ಮಇತಿಹಾಸ