ಅಣಬೆ ಬರೆದವಳು

ಪೀಟರ್ ರ‍್ಯಾಬಿಟ್ ಅನ್ನೋ ಮೊಲದ ಕಥೆ ನಿಮಗೆ ಗೊತ್ತಿರಬಹುದು. ಅದನ್ನು ಬರೆದ ಲಂಡನ್ನಿನ ಬಿಯಾಟ್ರಿಕ್ಸ್ ಪಾಟರ್ ಆ ಪುಸ್ತಕಕ್ಕೂ ಮುಂಚೆ ವರ್ಷಗಟ್ಟಲೆ ಕೂತು ಬರೆದಿದ್ದು ಕಾಡು ಅಣಬೆಗಳ ಚಿತ್ರ. ನೂರಾರು ಚಿತ್ರ, ಎಲ್ಲಾ ಜಲವರ್ಣದಲ್ಲಿ.

ಹವ್ಯಾಸ ಅಂದುಕೊಳ್ಳಬೇಡಿ. ಊರಲ್ಲಿ ಬೆಳೆದವರಿಗೆ ಗೊತ್ತು, ಬೆಳಿಗ್ಗೆ ಬೆಳ್ಳಗೆ ಎದ್ದ ಅಣಬೆ ಮಾರನೇ ದಿನಕ್ಕೆ ಕಪ್ಪಾಗಿ ಹುಳ ಬಿದ್ದಿರುತ್ತೆ. ಎಲೆ ಹೂವಿನ ಹಾಗೆ ಒಣಗಿಸಿಡೋಣ ಅಂದ್ರೆ ಬಣ್ಣ, ಆಕಾರ ಎರಡೂ ಹೋಗುತ್ತೆ. ಬಣ್ಣದ ಫೋಟೋ ಕೈಗೆ ಸಿಗದ ಕಾಲದಲ್ಲಿ ಚಿತ್ರವೇ ದಾಖಲೆ.

ಆಕೆಗೆ ಸಿಕ್ಕ ಗುರು ಸ್ಕಾಟ್ಲೆಂಡಿನ ಒಬ್ಬ ಪೋಸ್ಟ್‌ಮ್ಯಾನ್, ಚಾರ್ಲ್ಸ್ ಮೆಕಿಂಟಾಷ್. ಮೈಲುಗಟ್ಟಲೆ ನಡೆದು ಕಾಗದ ಹಂಚುತ್ತಲೇ ಪಾಚಿ, ಅಣಬೆಗಳನ್ನು ಕಲಿತ ಮನುಷ್ಯ. 1892ರಲ್ಲಿ ಇಬ್ಬರೂ ಕೂತು ಮಾತಾಡಿದ ಮೇಲೆ ಆತ ಅಂಚೆಯಲ್ಲಿ ಅಣಬೆ ಕಳಿಸೋನು, ಈಕೆ ಚಿತ್ರ ಬರೆದು ಅದರ ಪ್ರತಿ ಕಳಿಸೋಳು. ಅಂದ ಸಾಲದು, ಸೀಳಿ ಒಳಗಿನದೂ ತೋರಿಸಬೇಕು ಅನ್ನೋದು ಆತನ ಸಲಹೆ. 1893ರ ಸೆಪ್ಟೆಂಬರ್ 3ರಂದು ಡಂಕೆಲ್ಡ್‌ನಲ್ಲಿ ಮೈಯೆಲ್ಲಾ ಹುರುಪೆ ಎದ್ದ ಒಂದು ಅಪರೂಪದ ಅಣಬೆ ಬರೆದಳು. ಕಾಯಿಲೆ ಬಿದ್ದಿದ್ದ ಹುಡುಗನೊಬ್ಬನಿಗೆ ಪೀಟರ್ ಮೊಲದ ಕಥೆಯ ಕಾಗದ ಬರೆದಿದ್ದು ಮಾರನೇ ದಿನ!

ಆಮೇಲೆ ಮೈಕ್ರೋಸ್ಕೋಪ್ ಹಿಡಿದಳು. ಅಣಬೆಯ ಬೀಜಕಗಳನ್ನು ಮೊಳೆಯಿಸಿ, ಅದರ ಬಗ್ಗೆ ಪ್ರಬಂಧ ಬರೆದಳು. 1897ರ ಏಪ್ರಿಲ್ 1ರಂದು ಅದು ಲಂಡನ್ನಿನ ಲಿನಿಯನ್ ಸೊಸೈಟಿಯ ಸಭೆಗೆ ಹೋಯ್ತು. ಆಕೆ ಹೋಗಲಿಲ್ಲ, ಹೆಂಗಸರಿಗೆ ಪ್ರವೇಶವಿರಲಿಲ್ಲ. ಮಂಡಿಸಿದ್ದು ಕ್ಯೂ ಸಸ್ಯೋದ್ಯಾನದ ಜಾರ್ಜ್ ಮ್ಯಾಸಿ. ನಿಮ್ಮ ಕೋಡನ್ನು ಬೇರೆ ಯಾರೋ ಡೆಮೊ ಮಾಡ್ತಾರೆ, ನೀವು ಕಾಲ್‌ನಲ್ಲೂ ಇರೋ ಹಾಗಿಲ್ಲ ಅಂದ್ರೆ ಹೇಗಿರುತ್ತೆ? ಪ್ರಶ್ನೆ ಬಂದ್ರೆ ಉತ್ತರ ಯಾರು ಕೊಡ್ತಾರೆ?

ಸೊಸೈಟಿ ಪ್ರಬಂಧವನ್ನು ತಿರಸ್ಕರಿಸಿತು ಅಂತ ಈಗ ಎಲ್ಲಾ ಕಡೆ ಬರೀತಾರೆ. ನಡೆದಿದ್ದು ಅಷ್ಟು ನೇರವಾಗಿಲ್ಲ. ಅಚ್ಚಾಗೋ ಮುಂಚೆ ಇನ್ನಷ್ಟು ಕೆಲಸ ಬೇಕು ಅಂದರು, ಅದನ್ನು ವಾಪಸ್ ಪಡೆಯಲಾಯಿತು. ಬಾಗಿಲು ಹಾಕಿದ್ದಕ್ಕಿಂತ ಹೊಸಿಲಾಚೆ ನಿಲ್ಲಿಸಿದ್ದು ನನಗೆ ಹೆಚ್ಚು ಚುಚ್ಚುತ್ತೆ. ಆ ಪ್ರಬಂಧ ಕಳೆದುಹೋಗಿದೆ, ಒಂದು ಪ್ರತಿಯೂ ಇಲ್ಲ.

ಚಿತ್ರಗಳು ಉಳಿದವು. ಆಂಬಲ್‌ಸೈಡ್ ಊರಿನ ಆರ್ಮಿಟ್ ಗ್ರಂಥಾಲಯಕ್ಕೆ ಆಕೆ ಕೊಟ್ಟ ಅಣಬೆ ಚಿತ್ರಗಳು ಇವತ್ತಿಗೂ ಅಲ್ಲಿವೆ. ಆಕೆ ತೀರಿಕೊಂಡಿದ್ದು 1943ರಲ್ಲಿ. 1967ರಲ್ಲಿ ಡಬ್ಲ್ಯೂ. ಪಿ. ಕೆ. ಫಿಂಡ್ಲೆ ಅನ್ನೋ ಶಿಲೀಂಧ್ರ ವಿಜ್ಞಾನಿ ಕಾಡಿನ ಅಣಬೆಗಳ ಬಗ್ಗೆ ಒಂದು ಪುಸ್ತಕ ತಂದಾಗ, ಅದರಲ್ಲಿ ಆಕೆಯ 59 ಚಿತ್ರ ಅಚ್ಚಾದವು.