ಚೆಂದದ ಅಕ್ಷರಕ್ಕೆ ಒತ್ತಿನ ಸವಾಲು

ಬಾಗಲಕೋಟೆ ಜಿಲ್ಲೆಯ ಗಲಗಲಿ ಕೃಷ್ಣಾ ತೀರದ ಊರು. ಊರಿನ ಹೆಸರನ್ನು ಫಲಕದ ಮೇಲೆ ಅಂದವಾಗಿ ಬರೆಯುವುದು ಅಷ್ಟೇನೂ ಕಷ್ಟವಲ್ಲ. ಇರುವುದು 'ಗ', 'ಲ' ಎಂಬ ಎರಡೇ ವ್ಯಂಜನ, ಕೊನೆಗೊಂದು ಗುಡಿಸು. ಆದರೆ ಅದೇ ಕುಂಚ ಹೊಳೆಯ ಹೆಸರು ಬರೆಯಹೊರಟರೆ ಕೈ ತಡೆಯುತ್ತದೆ. 'ಕೃಷ್ಣಾ' ಎಂಬಲ್ಲಿ ಕಕಾರದ ಕೆಳಗೆ ವಟ್ರಸುಳಿ, ಪಕ್ಕದಲ್ಲೇ ಣಕಾರದ ಒತ್ತು. ಎರಡೂ ಪರಸ್ಪರ ತಾಗಬಾರದು, ಕೆಳಗಿನ ಸಾಲಿನ ತಲೆಕಟ್ಟಿಗೂ ಬಡಿಯಬಾರದು. ಅಲಂಕಾರಕ್ಕೆಂದು ಬಾಲ ಎಳೆದರೆ, ಮೈ ದಪ್ಪ ಮಾಡಿದರೆ ಜಾಗ ಸಾಲದು.

ಈ ತೊಡಕು ಹೊಸದಲ್ಲ. ಇದೇ ಜಿಲ್ಲೆಯ ಬಾದಾಮಿಯ ಬಂಡೆಯ ಮೇಲೆ ಸುಮಾರು ಕ್ರಿ.ಶ. 700ರ ಕಪ್ಪೆ ಅರಭಟ್ಟನ ಶಾಸನವಿದೆ. ಅಲ್ಲಿಯೂ ಒತ್ತಕ್ಷರದ ಜಾಗ ಕೆಳಗೇ. ಬರೆದವನು ಜಾಗ ಅಳೆದೇ ಉಳಿ ಹಿಡಿಯಬೇಕಿತ್ತು.

ಅಚ್ಚಿನ ಕಾಲದಲ್ಲಿ ತೊಡಕು ಇನ್ನಷ್ಟು ಬಿಗಿಯಾಯಿತು. ಇಂಗ್ಲಿಷಿಗೆ ದೊಡ್ಡ, ಸಣ್ಣ ಅಕ್ಷರ ಸೇರಿ 52 ರೂಪಗಳು. ಕನ್ನಡದ ವರ್ಣಮಾಲೆಯಲ್ಲಿ 49 ಅಕ್ಷರಗಳಷ್ಟೇ ಇದ್ದರೂ 34 ವ್ಯಂಜನಗಳ ಕಾಗುಣಿತವೇ 500 ದಾಟುತ್ತದೆ, ಒತ್ತುಗಳು ಬೇರೆ. ಒಂದೊಂದು ಅಲಂಕಾರಕ್ಕೂ ಇಷ್ಟಕ್ಕೆಲ್ಲ ಬೇಕಾದ ಸೀಸದ ಮೊಳೆಗಳನ್ನು ಎರಕ ಹೊಯ್ಯುವುದು ದುಬಾರಿ ಕೆಲಸ. ಹೀಗಾಗಿ ಚೆಂದದ ಅಕ್ಷರ ಬಹುಪಾಲು ಕಲಾವಿದನ ಕೈಯಲ್ಲೇ ಉಳಿಯಿತು. ಪುಸ್ತಕದ ಮುಖಪುಟ, ಸಿನಿಮಾ ಹೆಸರು, ಅಂಗಡಿಯ ಬೋರ್ಡು ಅವನ ಕ್ಷೇತ್ರಗಳಾದವು. ಎಲ್ಲಿ ಒತ್ತನ್ನು ಸಣ್ಣದಾಗಿಸಬೇಕು, ಎಲ್ಲಿ ಬದಿಗೆ ಸರಿಸಬೇಕೆಂಬುದನ್ನು ಪೇಂಟರ್ ಪ್ರತಿ ಪದಕ್ಕೂ ಹೊಸದಾಗಿ ನಿರ್ಧರಿಸುತ್ತಿದ್ದ.

ಫ್ಲೆಕ್ಸ್ ಬಂದ ಮೇಲೆ ಕುಂಚ ಮೂಲೆ ಸೇರಿತು. ಕಂಪ್ಯೂಟರಿನಲ್ಲಿದ್ದ ಕೆಲವೇ ಅಕ್ಷರ ಮಾದರಿಗಳು ಊರೂರಿನ ಬೋರ್ಡುಗಳಿಗೆ ಒಂದೇ ಮುಖ ಕೊಟ್ಟವು. ಈ ನಷ್ಟವನ್ನು ಮನಗಂಡವರಲ್ಲಿ ಕಲಾವಿದ ಹನೀಫ್ ಕುರೇಶಿ ಒಬ್ಬರು. ಬೀದಿಯ ಪೇಂಟರುಗಳಿಂದಲೇ ಅಕ್ಷರ ಬರೆಸಿ ಅವನ್ನು ಫಾಂಟ್ ಮಾಡಿ, ಬರೆದವರ ಹೆಸರನ್ನೇ ಫಾಂಟಿಗೆ ಇಟ್ಟರು. 2024ರಲ್ಲಿ ಅವರು ತೀರಿಕೊಂಡರು.

ಕನ್ನಡದಲ್ಲೂ ಶೀರ್ಷಿಕೆಗೆಂದೇ ಫಾಂಟ್ ರೂಪಿಸುವ ಕೆಲಸ ನಡೆದಿದೆ. ಮುಂಬೈನ 'ಏಕ್ ಟೈಪ್' ತಂಡ ಹಲವು ಭಾರತೀಯ ಲಿಪಿಗಳಿಗೆ ರೂಪಿಸಿದ ದುಂಡುಮೈಯ 'ಬಾಲೂ' ಸರಣಿಯ ಕನ್ನಡ ರೂಪದ ಹೆಸರು 'ಬಾಲೂ ತಮ್ಮ'. ವೈಷ್ಣವಿ ಮೂರ್ತಿ ಅವರು ಹುವಾನ್ ಲೂಯಿಸ್ ಬ್ಲಾಂಕೊ ಜೊತೆಗೂಡಿ ರಚಿಸಿದ 'ಅಕಾಯ' ಕನ್ನಡ, ತೆಲುಗು ಎರಡಕ್ಕೂ ಇದೆ. ಇವೆರಡೂ ಎಲ್ಲರಿಗೂ ಉಚಿತ.

ಪೇಂಟರ್ ಕೇವಲ ಒಂದು 'ಕೃಷ್ಣಾ'ಕ್ಕೆ ಜಾಗ ಹೊಂದಿಸಿದರೆ ಸಾಕಿತ್ತು. ಫಾಂಟ್ ರಚಿಸುವವರು ಯಾರು, ಯಾವ ಪದ ಬರೆದರೂ ಒತ್ತು ತಾಗದಂತೆ ಮೊದಲೇ ಯೋಚಿಸಿರಬೇಕು. ಆದರೆ ಆ ಯೋಚನೆಗೆ ಪಾಠ ಹೇಳಬಲ್ಲದ್ದು ಪೇಂಟರನ ಕೈಯೇ. ಗೋಡೆಗೆ ಸುಣ್ಣ ಬಳಿದರೆ ಆ ಪಾಠವೂ ಅಳಿಯುತ್ತದೆ. ಹಳೆಯ ಬೋರ್ಡುಗಳ ಚಿತ್ರ ತೆಗೆದಿಡುವ ಕೆಲಸವನ್ನಾದರೂ ಊರವರು ಇಂದೇ ಮಾಡಬಹುದು.